ಒಂದು ಗುಡಿಸು ಬಿಟ್ಟೆ

ನಿಂಗಪ್ಪ ಹೇಳಿದ್ದು ‘ಹುಳಿ’. ನಾನು ಪತ್ರಿಕೆಯಲ್ಲಿ ಬರೆದದ್ದು ‘ಹುಳ’. ಇಷ್ಟೇ ಆಗಿದ್ದರೆ ಕಣ್ತಪ್ಪು ಎನ್ನಬಹುದಿತ್ತು. ಪತ್ರಿಕೆಗಳು ಇಂಥದ್ದನ್ನು ಮರುದಿನವೇ ಎರಡು ಸಾಲಿನಲ್ಲಿ ಒಪ್ಪಿಕೊಂಡು ಮುಂದೆ ಹೋಗುತ್ತವೆ. ನಾನು ಒಪ್ಪಿಕೊಳ್ಳಲಿಲ್ಲ. ಸರಿಯಾದ ಮಾತು ಯಾವುದೆಂದು ಗೊತ್ತಾದ ಮೇಲೆ, ಅದಕ್ಕೆ ಸಾಕ್ಷಿಯಾಗಿದ್ದ ನನ್ನದೇ ನೋಟ್‌ಬುಕ್ಕಿನ ಒಂದು ಪುಟವನ್ನು ಸರ್ಕಾರಿ ಅಧಿಕಾರಿಯ ಕಣ್ಣಿಗೆ ಬೀಳದಂತೆ ಹಿಂದಕ್ಕೆ ಮಡಿಸಿದೆ. ಆ ಮಡಿಕೆಯ ಗೆರೆ ಈಗಲೂ ಇದೆ. ಏಳು ವರ್ಷವಾಯಿತು.

ಆಗ ನಾನು ಒಂದು ಕನ್ನಡ ದಿನಪತ್ರಿಕೆಗೆ ಪೀಣ್ಯ ಸುತ್ತಲಿನ ಸುದ್ದಿ ಬರೆಯುತ್ತಿದ್ದೆ. ತುಮಕೂರು ರಸ್ತೆಯ ನಡುವೆ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ. ಹನ್ನೊಂದು ವರ್ಷದ ಕೆಲಸದಲ್ಲಿ ನನ್ನ ಹೆಸರಿನ ಸುದ್ದಿಗೆ ಒಂದೇ ಒಂದು ತಿದ್ದುಪಡಿ ಬಂದಿರಲಿಲ್ಲ. ಅದು ನನಗೆ ಎಷ್ಟು ದೊಡ್ಡ ವಿಷಯವಾಗಿತ್ತು ಎಂಬುದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೊಸದಾಗಿ ಸೇರಿದವರಿಗೆ ನಾನೇ ಪಾಠ ಹೇಳುತ್ತಿದ್ದೆ— ಕೇಳಿದ್ದನ್ನು ಬರೆಯಿರಿ, ಊಹಿಸಿದ್ದನ್ನು ಬರೆಯಬೇಡಿ, ನೋಟ್‌ಬುಕ್ ಎಸೆಯಬೇಡಿ.

ನನ್ನ ನೋಟ್‌ಬುಕ್ಕನ್ನು ಬೇರೆಯವರು ಓದಲು ಆಗುತ್ತಿರಲಿಲ್ಲ. ಮಾತಿನ ವೇಗಕ್ಕೆ ಕೈ ಓಡಬೇಕೆಂದು ಗುಡಿಸುಗಳನ್ನು ಬಿಟ್ಟು ಬರೆಯುವ ಅಭ್ಯಾಸ ಮಾಡಿಕೊಂಡಿದ್ದೆ. ‘ಕಿಟಕಿ’ ನನ್ನ ಪುಟದಲ್ಲಿ ‘ಕಟಕ’ ಆಗಿರುತ್ತಿತ್ತು. ಸಂಜೆ ಸುದ್ದಿ ಬರೆಯಲು ಕುಳಿತಾಗ ನೆನಪಿನಿಂದ ಒಂದೊಂದೇ ಗುಡಿಸನ್ನು ವಾಪಸ್ ಹಾಕುತ್ತಿದ್ದೆ. ನೆನಪು ಒಮ್ಮೆಯೂ ಕೈಕೊಟ್ಟಿಲ್ಲ ಎಂದು ನಂಬಿದ್ದೆ.

ಒಂದು ಭಾನುವಾರ ಬಾಗಲಗುಂಟೆಯ ಶಾಲೆಯೊಂದರಲ್ಲಿ ಉಚಿತ ದಂತ ತಪಾಸಣೆ ಶಿಬಿರವಿತ್ತು. ಸುತ್ತಲಿನ ಬಾಡಿಗೆ ಕೋಣೆಗಳಲ್ಲಿದ್ದ ಕಾರ್ಖಾನೆ ಕಾರ್ಮಿಕರು ಬಂದಿದ್ದರು. ಸಾಲಿನಲ್ಲಿದ್ದ ಒಬ್ಬಾತ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು ನಿಂತಿದ್ದ. ಅದಕ್ಕೇ ಅವನನ್ನು ಮಾತನಾಡಿಸಿದೆ. ಹೆಸರು ನಿಂಗಪ್ಪ, ಊರು ಬಾಗಲಕೋಟೆ ಕಡೆಯ ಹಳ್ಳಿ, ವಯಸ್ಸು ಮೂವತ್ತೆರಡು. ಕಬ್ಬಿಣದ ಬಿಡಿಭಾಗಗಳಿಗೆ ಹೊಳಪಿನ ಲೇಪ ಹಾಕುವ ಶೆಡ್ಡಿನಲ್ಲಿ ಕೆಲಸ. ಲೇಪ ಹಾಕುವ ಮೊದಲು ತುಕ್ಕು ಬಿಡಿಸಲು ಅವನ್ನು ಆಸಿಡ್ ತುಂಬಿದ ತೊಟ್ಟಿಯಲ್ಲಿ ಅದ್ದುತ್ತಾರೆ. ಆರು ವರ್ಷದಿಂದ ಅದ್ದುವವನು ಇವನೇ.

ಟವೆಲ್ ತೆಗೆದ. ಮುಂದಿನ ಹಲ್ಲುಗಳು ಅರ್ಧಕ್ಕೇ ನಿಂತಿದ್ದವು. ಮುರಿದಂತೆ ಇರಲಿಲ್ಲ, ಯಾರೋ ಅರ ಹಾಕಿ ಉಜ್ಜಿ ಉಜ್ಜಿ ಸಣ್ಣಗೆ ಮಾಡಿದಂತೆ ಇದ್ದವು. ತುದಿಗಳು ಗಾಜಿನ ಚೂರಿನ ಹಾಗೆ ತೆಳ್ಳಗೆ, ಆಚೆಯ ಬೆಳಕು ಕಾಣುವಷ್ಟು.

“ಎಲಿ ಅಡಿಕಿ ಹಾಕ್ತೀಯೇನಪ್ಪ?” ಎಂದು, ಅವನ ಕಡೆಯ ಮಾತನ್ನು ಅನುಕರಿಸುತ್ತ ಕೇಳಿದೆ.

“ಇಲ್ರೀ ಸರ, ಮುಟ್ಟಾಂಗಿಲ್ಲ. ಇದನ್ನ ಹುಳಿ ತಿಂದೈತ್ರೀ. ರೊಟ್ಟಿ ಕಡದ್ರ ತಲಿ ತನ ಜುಮ್ ಅಂತೈತಿ. ನೀರು ಕುಡೀಲಿಕ್ಕೂ ಹೆದರಿಕಿ.”

ಅವರು ಆಸಿಡ್ಡಿಗೆ ಹುಳಿ ಎನ್ನುತ್ತಾರೆ. ಅದರ ಹೊಗೆ ಮೂಗಿಗೆ ಬಡಿದ ಕೂಡಲೇ ಹಸಿ ಹುಣಸೆಕಾಯಿ ಕಚ್ಚಿದ ಹಾಗೆ ಹಲ್ಲು ಜುಮ್ಮೆನ್ನುತ್ತದಂತೆ. ಇದನ್ನೂ ಅವನೇ ಹೇಳಿದ್ದ. ನಾನು ಬರೆದುಕೊಂಡಿದ್ದೆ. ಎಡಗಡೆಯ ಪುಟದ ಕೊನೆಯಲ್ಲಿ ‘ಹುಳ ತಂದೈತ’ ಎಂದು. ಬಲಗಡೆಯ ಪುಟದ ಮೊದಲಲ್ಲಿ ‘ಹುಳ ತೊಟ್ಟ ಮುಂದ ಆರು ವರ್ಷ, ಹೊಗ ಬಾಯಾಗ’ ಎಂದು.

ವೈದ್ಯೆ ಇನ್ನೂ ತಪಾಸಣೆಯಲ್ಲಿದ್ದರು. ಅವರಿಗಾಗಿ ಕಾಯಲಿಲ್ಲ. ಮೇಜಿನ ಮೇಲಿದ್ದ ಕರಪತ್ರವೊಂದನ್ನು ಎತ್ತಿಕೊಂಡು ಕಚೇರಿಗೆ ಬಂದೆ. ಬರೆಯುವಾಗ ಎಡಗಡೆಯ ಪುಟವನ್ನಷ್ಟೇ ನೋಡಿದೆ. ‘ತಂದೈತ’ ಎಂಬುದಕ್ಕೆ ಗುಡಿಸು ಹಾಕಿ ‘ತಿಂದೈತಿ’ ಮಾಡಿದೆ. ‘ಹುಳ’ಕ್ಕೆ ಹಾಕಲಿಲ್ಲ. ಹಲ್ಲನ್ನು ಹುಳ ತಿನ್ನುತ್ತದೆ— ಚಿಕ್ಕಂದಿನಿಂದ ಕೇಳಿದ ಮಾತು. ಕಿವಿಗೆ ಬಿದ್ದದ್ದು ಹುಳಿ ಎಂದೇ. ಆದರೆ ಬರೆಯುವ ಕೈಗೆ ಕಿವಿಗಿಂತ ಹಳೆಯದೊಂದು ಪರಿಚಯವಿತ್ತು. ಅಥವಾ— ಇಲ್ಲ, ಬರೆದದ್ದು ನಾನು, ಅಷ್ಟೇ ಹೇಳುತ್ತೇನೆ.

ಸುದ್ದಿ ನಿಂಗಪ್ಪನ ಫೋಟೊ ಜೊತೆ ಬಂತು. ‘ಹಲ್ಲು ತಿನ್ನುವ ಹುಳ: ಕಾರ್ಮಿಕರಲ್ಲಿ ಅರಿವಿನ ಕೊರತೆ’ ಎಂಬ ತಲೆಬರಹ. ‘ಇದನ್ನು ಹುಳ ತಿಂದೈತಿ ಎನ್ನುತ್ತಾರೆ ನಿಂಗಪ್ಪ’ ಎಂಬ ಸಾಲು. ಪಕ್ಕದಲ್ಲಿ ಕರಪತ್ರ ನೋಡಿ ನಾನೇ ಬರೆದ ಒಂದು ಬಾಕ್ಸ್: ‘ಬೆಳಿಗ್ಗೆ, ಕೆಲಸದಿಂದ ಬಂದ ಕೂಡಲೇ, ಮಲಗುವ ಮುನ್ನ— ದಿನಕ್ಕೆ ಮೂರು ಬಾರಿ ಚೆನ್ನಾಗಿ ಹಲ್ಲುಜ್ಜಿ.’ ಕರಪತ್ರದಲ್ಲಿ ‘ಕೆಲಸದಿಂದ ಬಂದ ಕೂಡಲೇ’ ಎಂಬ ಮಾತು ಇರಲಿಲ್ಲ. ಕಾರ್ಮಿಕರಿಗೆ ಹತ್ತಿರವಾಗಲೆಂದು ನಾನು ಸೇರಿಸಿದ್ದು.

ಎರಡು ದಿನದ ನಂತರ ಆ ವೈದ್ಯೆಯ ಫೋನ್ ಬಂತು. “ಒಂದ್ಸಲ ಕ್ಲಿನಿಕ್ಕಿಗೆ ಬರ್ತೀರಾ? ಫೋನಲ್ಲಿ ಹೇಳಿದ್ರೆ ನಿಮಗೆ ಅರ್ಥ ಆಗಲ್ಲ” ಎಂದರು. ದನಿಯಲ್ಲಿ ಸಿಟ್ಟಿತ್ತು. ಹೋದೆ.

ಮೇಜಿನ ಮೇಲೆ ಸ್ಟೀಲ್ ತಟ್ಟೆ ಇತ್ತು. ಅದರಲ್ಲಿ ಒಂದು ಹಲ್ಲನ್ನು ಬೀಳಿಸಿದರು. ಟಣ್ ಎಂದಿತು. ಕಂದು ಬಣ್ಣದ, ನೋಡಲು ಅಸಹ್ಯವಾದ ಹಲ್ಲು. “ಇದು ಇಲ್ಲೇ ಬಾಗಲಗುಂಟೆಯ ಹಳೇ ರೈತರೊಬ್ಬರದು. ಐವತ್ತು ವರ್ಷ ಎಲೆ ಅಡಿಕೆ ಹಾಕಿದ ಬಾಯಿ” ಎಂದು ಚೂಪಾದ ಸೂಜಿಯಿಂದ ಅದರ ಮೇಲೆ ಗೀರಿದರು. ಸೂಜಿ ಜಾರಿತು. ಗೆರೆ ಬೀಳಲಿಲ್ಲ.

ಆಮೇಲೆ ಒಂದು ಬಿಳಿ ಚೂರನ್ನು ತಟ್ಟೆಗೆ ಹಾಕಿದರು. ಕಂದು ಹಲ್ಲಿನ ಆ ಟಣ್ ಇದರಲ್ಲಿ ಇರಲಿಲ್ಲ. ಸೂಜಿ ತಾಗಿಸಿದರು— ಬಳಪ ಕೆರೆದಂತೆ ಹಿಟ್ಟು ಬಂತು. ಬಿಳಿ ಹಿಟ್ಟು.

“ಇದು ನಿಂಗಪ್ಪಂದು, ಸವೆದು ತೆಳ್ಳಗಾದ ಹಲ್ಲಿನ ತುದಿ. ಶನಿವಾರ ರೊಟ್ಟಿ ಕಚ್ಚುವಾಗ ಮುರೀತಂತೆ, ಶಿಬಿರದಲ್ಲಿ ಕೊಟ್ಟ. ಹಲ್ಲಿನ ಮೇಲಿನ ಬಿಳಿ ಪದರ ಇದೆಯಲ್ಲ, ಎನಾಮಲ್, ಮೈಯಲ್ಲಿ ಅದಕ್ಕಿಂತ ಗಟ್ಟಿ ಇನ್ನೊಂದಿಲ್ಲ. ಮೂಳೇನೂ ಅಷ್ಟು ಗಟ್ಟಿ ಅಲ್ಲ. ಆದ್ರೆ ಸುತ್ತಲಿನ ಗಾಳೀನೇ ಹುಳಿಯಾಗಿಬಿಟ್ರೆ ಅದು ಮೆತ್ತಗಾಗುತ್ತೆ. ಎಂಜಲು ಮತ್ತೆ ಗಟ್ಟಿ ಮಾಡೋಕೆ ನೋಡುತ್ತೆ, ನಿಧಾನಕ್ಕೆ. ಆ ಶೆಡ್ಡಿನ ಶಾಖಕ್ಕೆ ಬಾಯಿ ಒಣಗಿರುವಾಗ ಎಂಜಲೆಲ್ಲಿಂದ ಬರಬೇಕು?” ಸೂಜಿ ಕೆಳಗಿಟ್ಟು ಹೇಳಿದರು, “ಹುಳುಕು ಹಿಡಿಯೋದು ಹೆಚ್ಚಾಗಿ ದವಡೇಲಿ, ಸಂದೀಲಿ. ನಿಂಗಪ್ಪನ ದವಡೆ ಹಲ್ಲು ಕಲ್ಲಿದ್ದ ಹಾಗಿವೆ. ಹೋಗಿರೋದು ತುಟಿ ತೆಗೆದ್ರೆ ಗಾಳಿ ತಾಗುತ್ತಲ್ಲ, ಆ ಹಲ್ಲುಗಳು ಮಾತ್ರ. ಅವನೇ ಹೇಳಿದ್ನಲ್ಲ ನಿಮಗೆ, ಹುಳಿ ಅಂತ?”

ನಾನು ಜೇಬಿನಲ್ಲಿದ್ದ ನೋಟ್‌ಬುಕ್ಕಿನ ಮೇಲೆ ಕೈಯಿಟ್ಟೆ.

“ಈಗ ಹೇಳಿ. ಕೆಲಸ ಬಿಟ್ಟ ಕೂಡಲೇ, ಹಲ್ಲು ಹೀಗೆ ಮೆತ್ತಗಾಗಿರುವಾಗ, ಹಲ್ಲುಪುಡಿ ಹಾಕಿ ಗಸಗಸ ಉಜ್ಜಿದ್ರೆ?”

“ಸವೆಯುತ್ತೆ.”

“ನಿಮ್ಮ ಬಾಕ್ಸಲ್ಲಿ ಏನು ಬರೆದಿದೀರ?”

ಆ ತಟ್ಟೆಯಲ್ಲಿದ್ದ ಹಿಟ್ಟನ್ನು ನೋಡುತ್ತ ಕುಳಿತೆ. ಬರೆದ ಸುದ್ದಿ ತಪ್ಪಾಗುವುದು ಬೇರೆ. ಅದನ್ನು ನಂಬಿ ನಡೆದವನ ಹಲ್ಲು ಹಿಟ್ಟಾಗುವುದು— ಈ ಯೋಚನೆ ಮೊದಲ ಸಲ ಬಂದದ್ದು ಅಲ್ಲಿ.

“ಒಂದು ಸಾಲು ಹಾಕಿ ಸಾಕು. ನೀರಲ್ಲಿ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬ್ರಷ್ ಮುಟ್ಟಬೇಡಿ ಅಂತ. ಹುಳ ಅಲ್ಲ, ಹುಳಿ ಅಂತ” ಎಂದರು.

“ನೋಡ್ತೀನಿ ಡಾಕ್ಟ್ರೇ” ಎಂದೆ. ಕಚೇರಿಗೆ ಬಂದು ಬಲಗಡೆಯ ಪುಟ ನೋಡಿದೆ. ‘ಹುಳ ತೊಟ್ಟ.’ ಹುಳದ ತೊಟ್ಟಿ ಎಂಬುದು ಪ್ರಪಂಚದಲ್ಲಿ ಎಲ್ಲೂ ಇಲ್ಲ. ಮೂರನೆಯ ತರಗತಿಯ ಮಗುವೂ ಅಲ್ಲಿ ಗುಡಿಸು ಹಾಕಿ ಓದಿಕೊಳ್ಳುತ್ತದೆ. ನೋಟ್‌ಬುಕ್ ಮುಚ್ಚಿದೆ. ನಾಳೆ ಹಾಕೋಣ ಎಂದುಕೊಂಡೆ. ನಾಳೆ ಬೇರೆ ಸುದ್ದಿ ಇತ್ತು. ಆಮೇಲೆ— ತಿದ್ದುಪಡಿ ಎಂಬ ಪದದ ಕೆಳಗೆ ನನ್ನ ಹೆಸರನ್ನು ಊಹಿಸಿಕೊಳ್ಳುವುದೇ ಆಗಲಿಲ್ಲ.

ಮೂರು ವಾರದ ಮೇಲೆ ಕಾರ್ಮಿಕರ ದೂರು ವಿಚಾರಿಸುವ ಸರ್ಕಾರಿ ಅಧಿಕಾರಿಯೊಬ್ಬರು ನನ್ನನ್ನು ಕರೆಸಿದರು. ನಿಂಗಪ್ಪ ಅರ್ಜಿ ಕೊಟ್ಟಿದ್ದ. ತೊಟ್ಟಿಗೆ ಮುಚ್ಚಳ ಹಾಕಿಸಬೇಕು, ಕೆಟ್ಟು ನಿಂತ ಹೊಗೆ ಎಳೆಯುವ ಫ್ಯಾನ್ ಸರಿಮಾಡಿಸಬೇಕು, ತನ್ನನ್ನು ತೊಟ್ಟಿಯಿಂದ ತೆಗೆದು ಪ್ಯಾಕಿಂಗಿಗೆ ಹಾಕಬೇಕು— ಇಷ್ಟು. ಶೆಡ್ಡಿನ ಸೂಪರ್‌ವೈಸರ್ ಕತ್ತರಿಸಿದ ನನ್ನ ಸುದ್ದಿಯ ತುಣುಕು ಹಿಡಿದುಕೊಂಡು ಕುಳಿತಿದ್ದ. ನಿಂಗಪ್ಪ ಗೋಡೆಗೆ ಒರಗಿ ನಿಂತಿದ್ದ, ಬಾಯಿಗೆ ಟವೆಲ್.

“ಡಾಕ್ಟರಮ್ಮ ಆಸಿಡ್ ಇರಬಹುದು ಅಂತ ಕಾಗದ ಕೊಟ್ಟವ್ರೆ, ಇರಬಹುದು ಅಂತ! ಇಲ್ಲಿ ಇವ್ನೇ ಬಾಯಿಬಿಟ್ಟು ಹುಳ ಅಂದವ್ನೆ. ಪೇಪರ್‌ನಲ್ಲಿ ಫೋಟೊ ಬೇರೆ ಹಾಕ್ಸ್ಕೊಂಡವ್ನೆ ಹೀರೊ ತರ. ಇನ್ನೇನ್ ಬೇಕು ಸಾರ್?” ಎಂದು ಸೂಪರ್‌ವೈಸರ್ ನಕ್ಕ.

“ನಾ ಹುಳಿ ಅಂದೀನ್ರೀ ಸರ” ಎಂದ ನಿಂಗಪ್ಪ. ಅಧಿಕಾರಿಯನ್ನು ನೋಡಿ ಹೇಳಲಿಲ್ಲ, ನನ್ನನ್ನು ನೋಡಿ ಹೇಳಿದ. “ನೀವ ಕೇಳೀರಲ್ರೀ. ಹೇಳ್ರೀ.”

ಅಧಿಕಾರಿ ನನ್ನತ್ತ ತಿರುಗಿದರು. “ಯಾವುದು ಸಾರ್ ಸರಿ? ಹುಳಾನೋ ಹುಳೀನೋ?”

“ನನ್ನ ನೋಟ್‌ಬುಕ್‌ನಲ್ಲಿರೋದು ಹುಳ” ಎಂದೆ.

ಆ ವಾಕ್ಯದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ಅದನ್ನು ಆರಿಸಿಕೊಂಡಿದ್ದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದನ್ನೇ ಜೋಡಿಸುತ್ತ ಬಂದಿದ್ದೆ.

“ಹಾಗಾದ್ರೆ ಆ ಪುಟದ ಜೆರಾಕ್ಸ್ ಒಂದು ಕೊಟ್ಟುಬಿಡಿ, ಫೈಲಿಗೆ” ಎಂದರು ಅಧಿಕಾರಿ.

ಕೆಳಗೆ ಜೆರಾಕ್ಸ್ ಅಂಗಡಿ ಇತ್ತು. ನೋಟ್‌ಬುಕ್ ತೆರೆದು ಗಾಜಿನ ಮೇಲೆ ಇಟ್ಟಾಗ ಅಂಗಡಿಯಾಕೆ ಕೇಳಿದಳು, “ಎರಡೂ ಪೇಜಾ ಸಾರ್?”

ಎರಡೂ ಪುಟ ಒಂದೇ ಹಾಳೆಯಲ್ಲಿ ಬರುತ್ತಿದ್ದವು. ಎಡಗಡೆ ಹುಳ ತಿಂದದ್ದು, ಬಲಗಡೆ ಹುಳದ ತೊಟ್ಟಿ. ಅಧಿಕಾರಿ ಓದಿದ್ದರೆ ಒಂದು ಕ್ಷಣ ನಗುತ್ತಿದ್ದರು, ಆಮೇಲೆ ಅರ್ಥ ಮಾಡಿಕೊಳ್ಳುತ್ತಿದ್ದರು. ನಾನು ಬಲಗಡೆಯ ಹಾಳೆಯನ್ನು ಹಿಂದಕ್ಕೆ ಮಡಿಸಿದೆ. ಉಗುರಿನಿಂದ ಗೆರೆ ಒತ್ತಿದೆ.

“ಒಂದೇ ಸಾಕಮ್ಮ.”

ಅರ್ಜಿ ವಜಾ ಆಯಿತೆಂದು ಆಮೇಲೆ ಕೇಳಿದೆ. ‘ಹಲ್ಲಿನ ಹುಳುಕು, ಕಾರ್ಮಿಕನೇ ಹೇಳಿರುವಂತೆ.’ ವೈದ್ಯೆ ಮತ್ತೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಒಂದು ವರ್ಷದೊಳಗೆ ನನ್ನನ್ನು ನಗರದ ಇನ್ನೊಂದು ಭಾಗಕ್ಕೆ ಹಾಕಿದರು. ನಿರಾಳವಾಯಿತು. ಹೌದು, ನಿರಾಳವೇ.

ಕಳೆದ ತಿಂಗಳು ವರ್ತೂರು ಕೆರೆಯ ನೊರೆಯ ಬಗ್ಗೆ ಬರೆಯಲು ಹೋಗಿದ್ದೆ. ಕೋಡಿಯ ಹತ್ತಿರ ನೊರೆ ಆಳೆತ್ತರ ಎದ್ದು, ಗಾಳಿಗೆ ಮುದ್ದೆ ಮುದ್ದೆಯಾಗಿ ರಸ್ತೆಗೆ ಹಾರುತ್ತಿತ್ತು. ಮೇಲಿನಿಂದ ನೋಡಲು ಒಂದು ಅಪಾರ್ಟ್‌ಮೆಂಟಿನ ಗೇಟಿಗೆ ಹೋದೆ. ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದ ಸೆಕ್ಯೂರಿಟಿಯವನು ರಿಜಿಸ್ಟರ್ ಮುಂದಿಟ್ಟ. ಹೆಸರು ಬರೆದೆ, ಪತ್ರಿಕೆಯ ಹೆಸರು ಬರೆದೆ. ಅವನು ಅದರ ಮೇಲೆ ಬೆರಳಿಟ್ಟು ಓದಿದ. ಆಮೇಲೆ ನನ್ನ ಮುಖವನ್ನೇ ನೋಡಿದ.

“ಗುರ್ತ ಸಿಗಲಿಲ್ಲೇನ್ರೀ ಸರ?”

ನನಗೆ ಸಿಗಲಿಲ್ಲ.

ಟವೆಲ್ ಇಳಿಸಿದ. ಬಾಯಿಯ ಮುಂಭಾಗದಲ್ಲಿ ಏನೂ ಇರಲಿಲ್ಲ. ಬರೀ ವಸಡು. ಮೂವತ್ತೊಂಬತ್ತರ ಮನುಷ್ಯನ ತುಟಿ ಎಂಬತ್ತರ ಮುದುಕನಂತೆ ಒಳಕ್ಕೆ ಬಿದ್ದಿತ್ತು.

“ನಾ ರೀ... ಹುಳ.”

ಕೈಯಲ್ಲಿದ್ದ ಪೆನ್ನು ರಿಜಿಸ್ಟರಿನ ಮೇಲೆ ಬಿತ್ತು. ಅವನು ಅದನ್ನು ಎತ್ತಿ ಕೊಟ್ಟು, ಬೈಯದೆ, ದನಿ ಏರಿಸದೆ ಹೇಳುತ್ತ ಹೋದ. ನನ್ನ ಸುದ್ದಿ ಬಂದ ವಾರದಿಂದಲೇ ಶೆಡ್ಡಿನಲ್ಲಿ ಅವನ ಹೆಸರು ಹುಳ ಆಯಿತಂತೆ. ಲೇ ಹುಳ, ಚಹಾ ಕುಡಿಯಾಕ ಬಾ. ಲೇ ಹುಳ, ನಿನ್ನ ಪೇಪರ್‌ನಾಗ ಹಾಕ್ಯಾರಲ್ಲಲೇ. ಸಂಬಳದ ಚೀಟಿ ಕೊಡುವವನೂ ಹಾಗೇ ಕೂಗುತ್ತಿದ್ದನಂತೆ. ಎರಡು ವರ್ಷ ಅದೇ ತೊಟ್ಟಿಯ ಮುಂದೆ ದುಡಿದು, ಗಂಜಿಯ ಹೊರತು ಏನೂ ತಿನ್ನಲಾಗದೆ ಕೆಲಸ ಬಿಟ್ಟ.

“ಫ್ಯಾನ್ ಸರಿಮಾಡಿಸಿದರೇ?” ಎಂದು ಕೇಳಿದೆ. ಕೇಳಲು ನನಗೆ ಬೇರೇನೂ ತೋಚಲಿಲ್ಲ.

“ಎದಕ್ಕ ಮಾಡಸ್ತಾರ್ರೀ? ಹುಳಕ್ಕ ಫ್ಯಾನ್ ಹಾಕ್ತಾರೇನು?” ಎಂದ. “ಈಗ ಆ ಜಾಗದಾಗ ನಮ್ಮ ತಮ್ಮ ಅದಾನ, ಯಲ್ಲಪ್ಪ. ಬಾಗಲಗುಂಟಿ ಶಾಲಿ ಹಿಂದ, ನನ್ನ ಹಳೇ ಖೋಲ್ಯಾಗ ಇರ್ತಾನ. ನಾ ಬ್ಯಾಡ ಅಂತ ಬಡಕೊಂಡೆ. ಹೊಗಿ ಹಲ್ಲು ತಿಂತೈತೋ ಅಂದೆ. ‘ಅಣ್ಣ, ಪೇಪರ್‌ನಾಗ ಹುಳ ಅಂತ ಐತಲ್ಲೋ, ನೀನ ಹೇಳಿದ್ದಿ’ ಅಂದ. ನಾನ ಹೇಳಿದ್ದು, ನನ್ನ ಫೋಟೊ— ಏನ ಹೇಳ್ಲಿ ಅಂವಗ? ನೀವು ಬರದಿದ್ದು ಗ್ವಾಡಿಗೆ ಹಚ್ಚ್ಯಾನ್ರೀ. ದಿನಾ ಕೆಲಸ ಬಿಟ್ಟು ಬಂದ ಕೂಡ್ಲೆ ತಿಕ್ಕತಾನ, ಹುಳ ಹತ್ತಬಾರ್ದಂತ.”

ಏಳು ವರ್ಷದಿಂದ ನಾನು ಒಬ್ಬನ ಹಲ್ಲಿನ ಲೆಕ್ಕದಲ್ಲೇ ಇದ್ದೆ. ಆ ಬಾಕ್ಸ್ ಒಂದು ಗೋಡೆಯ ಮೇಲೆ ದಿನವೂ ಓದಿಸಿಕೊಳ್ಳುತ್ತಿದೆ ಎಂಬುದು, ದಿನವೂ ಒಬ್ಬನ ಕೈಗೆ ಬ್ರಷ್ ಕೊಡುತ್ತಿದೆ ಎಂಬುದು— ಇಂಥದ್ದೊಂದು ಇರಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ.

ಬಲಗಡೆಯ ಪುಟದ ವಿಷಯ ಅವನಿಗೆ ಅಲ್ಲೇ ಹೇಳಿದೆ. ಮಡಿಸಿದ್ದನ್ನೂ ಹೇಳಿದೆ. ಒಂದು ಕಾರು ಬಂತು. ಅವನು ಗೇಟು ತೆಗೆದು, ಸೆಲ್ಯೂಟ್ ಹೊಡೆದು, ಮುಚ್ಚಿ ಬಂದ.

“ನಾ ಇಷ್ಟು ದಿನ ನನಗ ಮರ್ತೈತಿ ಅಂತ ತಿಳ್ಕೊಂಡಿದ್ದೆ ರೀ” ಎಂದ. “ಹುಳ ಅಂತ ನಾನ ಅಂದಿದ್ನೋ ಏನೋ ಅಂತ.”

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವನು ಟವೆಲ್ ಮತ್ತೆ ಕಟ್ಟಿಕೊಳ್ಳುತ್ತ ನೊರೆಯ ಕಡೆ ಕೈ ತೋರಿಸಿದ. “ಹೋಗ್ರೀ, ನಿಮ್ಮ ಕೆಲಸ ನೋಡ್ಕೋರಿ. ಇದಕ್ಕೂ ಹುಳ ಅಂತ ಬರೀಬ್ಯಾಡ್ರಿ ಮತ್ತ.”

ನೊರೆಯ ಸುದ್ದಿಯನ್ನು ಬೇರೆಯವರಿಗೆ ಒಪ್ಪಿಸಿದೆ. ಮರುದಿನ ಮಧ್ಯಾಹ್ನ ನೋಟ್‌ಬುಕ್ ಹಿಡಿದು ಬಾಗಲಗುಂಟೆಗೆ ಹೋದೆ. ಯಲ್ಲಪ್ಪ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಕೋಣೆಗೆ ಬಂದಿದ್ದ. ಬಚ್ಚಲ ಕಟ್ಟೆಯ ಹತ್ತಿರ ನಿಂತಿದ್ದ, ಬ್ರಷ್‌ಗೆ ಹಲ್ಲುಪುಡಿ ಹಾಕಿಕೊಂಡು. ಕನ್ನಡಿಯ ಪಕ್ಕದಲ್ಲಿ, ಅನ್ನದ ಗಂಜಿ ಹಚ್ಚಿ ಅಂಟಿಸಿದ ನನ್ನ ಸುದ್ದಿ. ಕಾಗದ ಚಹಾದ ಬಣ್ಣಕ್ಕೆ ತಿರುಗಿತ್ತು. ಹೆಸರು ಓದಲು ಬರುತ್ತಿತ್ತು. ನನ್ನ ಹೆಸರು.

ನಾನು ಯಾರೆಂದು ಹೇಳಿದಾಗ ಅವನು ನಕ್ಕ, ಮನೆಗೆ ದೊಡ್ಡವರು ಬಂದ ಸಂತೋಷದಲ್ಲಿ. ಮೇಲಿನ ಎರಡು ಹಲ್ಲುಗಳ ತುದಿ ತೆಳ್ಳಗಾಗಿತ್ತು. ಬೆಳಕು ಕಾಣುತ್ತಿತ್ತು.

“ಬ್ರಷ್ ಕೆಳಗಿಡಪ್ಪ” ಎಂದೆ. “ಮೊದಲು ಬಾಯಿ ಮುಕ್ಕಳಿಸು. ಬರೀ ನೀರು.”

ಅವನಿಗೆ ಎಲ್ಲ ಹೇಳಿದೆ. ಎರಡೂ ಪುಟ ಒಟ್ಟಿಗೆ ಬಿಚ್ಚಿ ತೋರಿಸಿದೆ. ಅವನು ‘ಹುಳ ತೊಟ್ಟ’ ಎಂಬುದನ್ನು ಎರಡು ಸಲ ಓದಿದ, ತುಟಿ ಆಡಿಸುತ್ತ. ಮೂರನೆಯ ಸಲ ತಾನೇ ‘ಹುಳಿ ತೊಟ್ಟಿ’ ಎಂದು ಓದಿದ. ಮುಖದ ನಗು ಹೋಯಿತು.

“ಹಂಗಾರ ಅಣ್ಣ ಹೇಳಿದ್ದು ಖರೇನ?”

“ಖರೆ.”

“ಮತ್ತ ಪೇಪರ್‌ನಾಗಿದ್ದು?”

“ಸುಳ್ಳು. ನಾನು ಬರೆದದ್ದು ಸುಳ್ಳು.”

ಎರಡೂ ಪುಟದ ಜೆರಾಕ್ಸ್ ಜೊತೆಗೆ, ಏನು ಮುಚ್ಚಿಟ್ಟೆ ಎಂಬುದನ್ನು ನನ್ನ ಸಹಿ ಹಾಕಿ ಅದೇ ಸರ್ಕಾರಿ ಕಚೇರಿಗೆ ಕೊಟ್ಟಿದ್ದೇನೆ. ಫೈಲು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ, ಸಿಗುವವರೆಗೆ ಹೋಗುತ್ತಿರುತ್ತೇನೆ. ಪತ್ರಿಕೆಗೂ ತಿದ್ದುಪಡಿ ಬರೆದುಕೊಟ್ಟಿದ್ದೇನೆ, ಹೆಸರಿನ ಸಮೇತ. ಇದರಿಂದ ನಿಂಗಪ್ಪನ ಬಾಯಿಗೆ ಏನೂ ವಾಪಸ್ ಬರುವುದಿಲ್ಲ. ವೈದ್ಯೆ ಅಂದೇ ಹೇಳಿದ್ದರು— ಆ ಪದರ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ.

ಆ ದಿನ ಯಲ್ಲಪ್ಪನ ಕೋಣೆಯಿಂದ ಹೊರಡುವ ಮೊದಲು ಕನ್ನಡಿಯ ಪಕ್ಕದ ಕಾಗದವನ್ನು ಕಿತ್ತು ಹಾಕಲು ನೋಡಿದೆ. ಗಂಜಿ ಗೋಡೆಗೆ ಕಚ್ಚಿಕೊಂಡಿತ್ತು, ಬರಲಿಲ್ಲ. ಬಾಕ್ಸಿನ ಮೇಲೆ ಪೆನ್ನಿನಿಂದ ಅಡ್ಡ ಗೀಟು ಎಳೆದೆ. ಆಮೇಲೆ ನಿಂಗಪ್ಪನ ಫೋಟೊದ ಕೆಳಗಿದ್ದ ಸಾಲಿನಲ್ಲಿ, ‘ಹುಳ’ದ ಳಕಾರದ ತಲೆಯ ಮೇಲೆ ಒಂದು ಗುಡಿಸು ಬರೆದೆ. ಸ್ವಲ್ಪ ಸೊಟ್ಟಗಾಯಿತು.

ಯಲ್ಲಪ್ಪ ಹತ್ತಿರ ಬಂದು, ಬಗ್ಗಿ ನೋಡಿದ. ಬೆರಳಿನಿಂದ ಅದನ್ನು ಮುಟ್ಟಿದ.

“ಇಷ್ಟ ಸಣ್ಣದೇನ್ರೀ ಅದು?” ಎಂದ.

ಹೌದು ಎಂದೆ.